ಕಟ್ಟಿದ ಹಲ್ಲು, ನೆಟ್ಟ ಹಲ್ಲು

ನಾನು ಹುಟ್ಟಿದ ಊರಿನಲ್ಲಿ ಮಕ್ಕಳ ಹಾಲುಹಲ್ಲು ಬಿದ್ದಾಗ ಅದನ್ನು ಸೆಗಣಿಯ ಉಂಡೆಯೊಳಗಿಟ್ಟು ಮನೆಯ ಹೆಂಚಿನ ಮೇಲೆ ಎಸೆಯುವ ವಾಡಿಕೆಯಿತ್ತು. ಹೀಗೆ ಎಸೆದರೆ ಹೊಸ ಹಲ್ಲು ಬರುತ್ತದೆಂದು ಹಿರಿಯರು ಹೇಳುತ್ತಿದ್ದರು. ಅದು ಬರುತ್ತಲೂ ಇತ್ತು. ಆದಕಾರಣ ಆ ವಯಸ್ಸಿನಲ್ಲಿ ಹಲ್ಲು ಬೀಳುವುದು ನಷ್ಟವೆಂದು ಯಾರಿಗೂ ತೋರುವುದಿಲ್ಲ. ಎರಡನೆಯ ಸಲ ಬಿದ್ದ ಹಲ್ಲಿಗೆ ಮಾತ್ರ ಯಾವ ಹೆಂಚೂ ಉತ್ತರ ಕೊಡುವುದಿಲ್ಲ. 'ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ' ಎಂಬ ನಮ್ಮ ಗಾದೆ ಇದನ್ನು ಲೋಕದ ಕಟ್ಟಳೆಯೆಂದು ಒಪ್ಪಿಕೊಂಡಿದೆ. ಆದರೆ ಮನುಷ್ಯ ಈ ಕಟ್ಟಳೆಯನ್ನು ಒಪ್ಪಿಕೊಂಡು ಸುಮ್ಮನೆ ಕುಳಿತವನಲ್ಲ. ಬಿದ್ದ ಹಲ್ಲಿನ ಜಾಗದಲ್ಲಿ ಇನ್ನೊಂದನ್ನು ಇರಿಸಲು ಅವನು ಎರಡೂವರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಪಟ್ಟ ಪಾಡು ಒಂದು ದೊಡ್ಡ ಕಥೆ. ಆ ಕಥೆಯಲ್ಲಿ ನಮ್ಮ ಕನ್ನಡನಾಡಿಗೂ ಒಂದೆರಡು ಪುಟಗಳುಂಟು.

ವೈದ್ಯನಲ್ಲದ ನಾನು ಈ ವಿಷಯಕ್ಕೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ನಿವೃತ್ತನಾದ ಮರುವರ್ಷ ಮೈಸೂರಿನ ಒಂದು ಗೋಷ್ಠಿಯಲ್ಲಿ ಹಳಗನ್ನಡ ಪದ್ಯಗಳನ್ನು ಓದಲು ನನ್ನನ್ನು ಕರೆದಿದ್ದರು. ಅದಕ್ಕೆ ಒಂದು ವಾರ ಮುಂಚೆ, ಕೋಡುಬಳೆಯೊಂದನ್ನು ಕಡಿಯುವಾಗ, ಮೇಲಿನ ಸಾಲಿನ ಬಾಚಿಹಲ್ಲೊಂದು ಬುಡದವರೆಗೂ ಮುರಿದಿತ್ತು. ಓದಿನಲ್ಲಿ 'ಸ'ಕಾರ ಬಂದಲ್ಲೆಲ್ಲ ಒಂದು ಸಣ್ಣ ಸಿಳ್ಳು ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ಹಳೆಯ ವಿದ್ಯಾರ್ಥಿಗಳು ನಗಲಿಲ್ಲ, ತಲೆ ತಗ್ಗಿಸಿದರು. ನಕ್ಕಿದ್ದರೆ ವಾಸಿಯಾಗಿತ್ತು. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ನಾಭಿಯ ಮೂಲದಿಂದ ಶಬ್ದ ಹುಟ್ಟುವ ಬಗೆಯನ್ನು ಕಹಳೆಗೆ ಹೋಲಿಸಿದ್ದಾನೆ. ಮೂವತ್ತು ವರ್ಷಗಳಿಗೂ ಮಿಕ್ಕಿ ಆ ಸೂತ್ರವನ್ನು ಪಾಠ ಹೇಳಿದ ನನಗೆ ಅದರ ಅರ್ಥ ಪೂರ್ತಿಯಾಗಿ ತಿಳಿದದ್ದು ಕಹಳೆಯ ಬಾಯಂಚು ಒಡೆದ ಮೇಲೆ! ತ, ಥ, ದ, ಧ, ನ ಎಂಬ ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದರು. ಹಲ್ಲು ಊಟದ ಸಾಧನ ಮಾತ್ರವಲ್ಲ, ವರ್ಣಮಾಲೆಯ ಒಂದು ಸ್ಥಾನವೂ ಹೌದೆಂಬುದನ್ನು ಅವರು ಎಂದೋ ಕಂಡಿದ್ದರು.

ನಾನು ವಾಸವಾಗಿರುವ ಜಯಲಕ್ಷ್ಮಿಪುರಂ ಬಡಾವಣೆಯಲ್ಲಿ ಸಂಜೆ ಕಾಳಿದಾಸ ರಸ್ತೆಯವರೆಗೆ ನಡೆದುಬಂದರೆ ದಂತವೈದ್ಯರ ಫಲಕಗಳು ಒಂದಲ್ಲ, ಹಲವು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲೊಂದರ ಮೆಟ್ಟಿಲು ಹತ್ತಿದೆ. ಅಲ್ಲಿದ್ದ ತರುಣ ವೈದ್ಯೆ ಬಾಯೊಳಗೆ ನೋಡಿ, "ಮೂರು ದಾರಿಗಳಿವೆ, ಸಾರ್. ತೆಗೆದು ಹಾಕುವ ಹಲ್ಲು, ಬ್ರಿಜ್ಜು, ಇಲ್ಲವೇ ಇಂಪ್ಲಾಂಟು. ಯಾವುದನ್ನು ಮಾಡೋಣ?" ಎಂದರು. ಯೋಚಿಸಿ ಹೇಳುತ್ತೇನಮ್ಮ ಎಂದು ಮನೆಗೆ ಬಂದೆ. ಯೋಚಿಸತೊಡಗಿದ್ದು ಹಲ್ಲನ್ನು ಕುರಿತಾದರೂ ಅಭ್ಯಾಸಬಲದಿಂದ ಮನಸ್ಸು ಹೋದದ್ದು ಮಾತಿನ ಕಡೆಗೆ. ನಮ್ಮಲ್ಲಿ 'ಹಲ್ಲು ಕಟ್ಟಿಸಿಕೊಂಡರು' ಎನ್ನುತ್ತಾರೆ. ಕಟ್ಟು ಎಂಬ ಧಾತುವಿಗೆ ಕನ್ನಡದಲ್ಲಿ ಎರಡು ಮುಖಗಳಿವೆ. ಹೂ ಕಟ್ಟುವುದೆಂದರೆ ದಾರದಿಂದ ಬಿಗಿಯುವುದು. ಮನೆ ಕಟ್ಟುವುದೆಂದರೆ ಒಂದರ ಮೇಲೊಂದಿಟ್ಟು ನಿರ್ಮಿಸುವುದು. ಕೃತಕ ದಂತದ ಚರಿತ್ರೆ ನಡೆದುಬಂದದ್ದು ಈ ಒಂದು ಪದದೊಳಗಿನ ದಾರಿಯಲ್ಲೇ: ಮೊದಲು ಬಿಗಿದು ಕಟ್ಟಿದರು, ಆಮೇಲೆ ಸೇತುವೆಯಂತೆ ಕಟ್ಟಿದರು. ಮೂರನೆಯ ಹಂತಕ್ಕೆ ಬೇರೊಂದು ಧಾತುವೇ ಬೇಕಾಗುತ್ತದೆ. ಅದು ರೈತನ ಮಾತು, ನೆಡು.

ಕಥೆಯನ್ನು ದೇವತೆಗಳಿಂದ ಆರಂಭಿಸುವುದು ನಮ್ಮ ಪದ್ಧತಿ. ವೇದಗಳಲ್ಲಿ ಬರುವ ಪೂಷನ್ ಹಲ್ಲಿಲ್ಲದ ದೇವರು. ಯಜ್ಞದ ಒಂದು ಭಾಗವನ್ನು ತಿನ್ನಲು ಹೋಗಿ ಅವನ ಹಲ್ಲುಗಳು ಬಿದ್ದುವೆಂದು ಶತಪಥ ಬ್ರಾಹ್ಮಣ ಹೇಳುತ್ತದೆ. ಆದಕಾರಣ ಅವನಿಗೆ ಹವಿಸ್ಸನ್ನು ಹಿಟ್ಟು ಮಾಡಿ ಅರ್ಪಿಸಬೇಕೆಂಬ ವಿಧಿ ಬಂದಿತು. ಮುಂದೆ ಪುರಾಣಗಳ ಕಾಲಕ್ಕೆ ಈ ಕಥೆ ದಕ್ಷಯಜ್ಞದೊಳಗೆ ಸೇರಿ, ಪೂಷನ ಹಲ್ಲುಗಳು ವೀರಭದ್ರನ ಕಡೆಯ ಪೆಟ್ಟಿಗೆ ಉದುರಿದುವು. ಚರಕ ಸಂಹಿತೆ ಇದಕ್ಕೆ ಬೇರೊಂದು ಮುಕ್ತಾಯ ಕೊಡುತ್ತದೆ. ದೇವವೈದ್ಯರಾದ ಅಶ್ವಿನೀದೇವತೆಗಳು ಮಾಡಿದ ಚಿಕಿತ್ಸೆಗಳ ಪಟ್ಟಿಯಲ್ಲಿ ಪೂಷನ ಬಿದ್ದ ಹಲ್ಲುಗಳೂ ಸೇರಿವೆ. ಇವೆರಡೂ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತವೆ. ಯಾಜ್ಞಿಕನು ಬಾಯಿಗೆ ತಕ್ಕಂತೆ ಅನ್ನವನ್ನು ಬದಲಾಯಿಸಿದ. ವೈದ್ಯನು ಅನ್ನಕ್ಕೆ ತಕ್ಕಂತೆ ಬಾಯಿಯನ್ನು ಸರಿಪಡಿಸಿದ.

ನಮ್ಮ ಜನ ಬಹುಕಾಲ ಹಿಡಿದದ್ದು ಯಾಜ್ಞಿಕನ ದಾರಿಯನ್ನೇ. ಹಳೆಯ ಮೈಸೂರು ಸೀಮೆಯ ರಾಗಿಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಹಲ್ಲಿನ ಹಂಗಿಲ್ಲದ ಅನ್ನ ಅದು. ನಮ್ಮ ಅಜ್ಜಿ ಜಗಲಿಯಲ್ಲಿ ಕುಳಿತು ಎಲೆಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಹಾಕಿ ಟಕಟಕನೆ ಕುಟ್ಟುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಅವರ ಹಲ್ಲುಗಳೆಲ್ಲ ಆ ಕುಟ್ಟಾಣಿಯಲ್ಲಿದ್ದುವು. ಬೊಚ್ಚುಬಾಯಿ ಆಗ ನಾಚಿಕೆಯ ವಿಷಯವಾಗಿರಲಿಲ್ಲ. ಮೊಮ್ಮಕ್ಕಳ ಮುದ್ದಿನ ವಿಷಯವಾಗಿತ್ತು. ಸುಶ್ರುತ ಸಂಹಿತೆಯಲ್ಲಿ ಕೊಯ್ದ ಮೂಗನ್ನು ಮತ್ತೆ ಕಟ್ಟುವ ವಿಧಾನವಿದೆ, ಹಲ್ಲು ಕೀಳುವ ವಿಚಾರವಿದೆ. ಆದರೆ ಕಿತ್ತ ಹಲ್ಲಿನ ಜಾಗದಲ್ಲಿ ಬೇರೊಂದನ್ನು ಇಡುವ ಕ್ರಮವಿಲ್ಲ. ಚರಕನ ಮಾತು ದೇವತೆಗಳ ಪಾಲಿಗೇ ಉಳಿಯಿತು.

ವೈದ್ಯನ ದಾರಿಯನ್ನು ಹಿಡಿದವರು ಮೆಡಿಟರೇನಿಯನ್ ಸಮುದ್ರದ ಸುತ್ತಣ ಜನ. ಈಗಿನ ಲೆಬನಾನಿನಲ್ಲಿರುವ ಸಿಡಾನ್, ಫಿನೀಷಿಯನ್ನರ ಹಳೆಯ ರೇವುಪಟ್ಟಣ. ಅಲ್ಲಿ 1862ರಲ್ಲಿ ಒಂದು ಗೋರಿಯನ್ನು ಅಗೆದಾಗ ಹೆಂಗಸೊಬ್ಬಳ ಮೇಲ್ದವಡೆಯ ತುಂಡು ಸಿಕ್ಕಿತು. ಮುಂದಿನ ಹಲ್ಲುಗಳನ್ನು ಚಿನ್ನದ ತಂತಿಯಿಂದ ಹೆಣೆದು ಬಿಗಿದಿದ್ದರು. ಅವುಗಳಲ್ಲಿ ಎರಡು ಅವಳವಲ್ಲ, ಇನ್ನೊಬ್ಬರ ಬಾಯಿಂದ ಬಂದವು. ಇಟಲಿಯಲ್ಲಿ ರೋಮನ್ನರಿಗಿಂತ ಮುಂಚೆ ಬಾಳಿದ ಎಟ್ರಸ್ಕರು ಕ್ರಿಸ್ತಪೂರ್ವ 7ನೆಯ ಶತಮಾನದ ಹೊತ್ತಿಗೇ ತಂತಿಯ ಬದಲು ಚಿನ್ನದ ತೆಳುಪಟ್ಟಿಗಳನ್ನು ಬಳಸಿದರು. ಪಟ್ಟಿಯನ್ನು ಅಕ್ಕಪಕ್ಕದ ಗಟ್ಟಿ ಹಲ್ಲುಗಳಿಗೆ ಸುತ್ತಿ, ನಡುವೆ ಬೇರೆ ಹಲ್ಲನ್ನು ಕೂರಿಸಿದರು. ರೋಮಿನ ಅತ್ಯಂತ ಹಳೆಯ ಶಾಸನವಾದ ಹನ್ನೆರಡು ಫಲಕಗಳಲ್ಲಿ, ಎಂದರೆ ಕ್ರಿಸ್ತಪೂರ್ವ 450ರ ಸುಮಾರಿನಲ್ಲಿ, ಇದಕ್ಕೆ ಸಂಬಂಧಿಸಿದ ಒಂದು ವಿಧಿಯಿದೆ. ಸತ್ತವರ ಜೊತೆ ಚಿನ್ನವನ್ನು ಕಳಿಸಬಾರದೆಂದು ಆ ಶಾಸನ ನಿಷೇಧಿಸುತ್ತದೆ. ಆದರೆ ಹಲ್ಲುಗಳನ್ನು ಜೋಡಿಸಿದ ಚಿನ್ನವಿದ್ದರೆ ಅದನ್ನು ಹೆಣದೊಡನೆ ಹೂಳಬಹುದು, ಸುಡಬಹುದು ಎನ್ನುತ್ತದೆ. ಈ ವಿಧಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಕೊನೆಗೆ ಅದರ ಬಳಿಗೆ ಬರುತ್ತೇನೆ.

ಹಲ್ಲನ್ನು ಕಟ್ಟುವ ಈ ವಿದ್ಯೆ ನಮ್ಮ ದೇಶದಲ್ಲಿ ಇರಲಿಲ್ಲವೆ? ಇತ್ತೆಂಬುದಕ್ಕೆ ಒಂದು ಕುರುಹು ಯುದ್ಧಭೂಮಿಯಲ್ಲಿ ಸಿಕ್ಕುತ್ತದೆ. 1194ರಲ್ಲಿ ಯಮುನೆಯ ಬಳಿಯ ಚಂದಾವರದಲ್ಲಿ ಘೋರಿ ಮಹಮ್ಮದನ ಸೇನೆಯೊಡನೆ ಕಾದು ಗಾಹಡವಾಲ ವಂಶದ ಜಯಚಂದ್ರ ಮಡಿದ. ಹೆಣಗಳ ರಾಶಿಯಲ್ಲಿ ರಾಜನನ್ನು ಪತ್ತೆ ಹಚ್ಚಿದ್ದು ಹೇಗೆ? ಅವನ ಹಲ್ಲುಗಳ ಬುಡ ಸಡಿಲವಾಗಿದ್ದುದರಿಂದ ಅವನ್ನು ಚಿನ್ನದ ತಂತಿಯಿಂದ ಬಿಗಿಸಿಕೊಂಡಿದ್ದನಂತೆ, ಅದರಿಂದ ಗುರುತಿಸಿದರೆಂದು ಇಬ್ನ್ ಅಲ್ ಅಸೀರ್ ಬರೆದಿದ್ದಾನೆ. ಇವನು ದೂರದ ಮೋಸುಲ್ ನಗರದವನಾದರೂ ಹೆಚ್ಚು ಕಡಿಮೆ ಅದೇ ಕಾಲದವನು, 1233ರಲ್ಲಿ ತೀರಿಕೊಂಡವನು. ನಾಲ್ಕು ಶತಮಾನಗಳ ತರುವಾಯ ಇದೇ ಪ್ರಸಂಗವನ್ನು ತನ್ನ ಚರಿತ್ರೆಯಲ್ಲಿ ಸೇರಿಸಿದವನು ಫಿರಿಸ್ತಾ. ಅವನು ಆ ಗ್ರಂಥವನ್ನು ರಚಿಸಿದ್ದು ನಮ್ಮ ವಿಜಾಪುರದಲ್ಲಿ, ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. 1841ರಲ್ಲಿ ಭಾರತದ ಇತಿಹಾಸವನ್ನು ಬರೆದ ಎಲ್ಫಿನ್‌ಸ್ಟನ್, ರಾಜನನ್ನು ಗುರುತಿಸಿದ್ದು ಅವನ ಕೃತಕ ದಂತಗಳಿಂದ ಎಂದುಬಿಟ್ಟ. ಮೂಲದಲ್ಲಿರುವುದು ಕಟ್ಟಿಸಿದ ಸ್ವಂತ ಹಲ್ಲು, ಇಟ್ಟ ಹಲ್ಲಲ್ಲ. ಭಾಷಾಂತರದಲ್ಲಿ ಒಂದು ಹಲ್ಲು ಹೀಗೆ ಬದಲಾಗಬಹುದು! ಅದೇನೇ ಇರಲಿ, 12ನೆಯ ಶತಮಾನದ ಭಾರತದಲ್ಲಿ ಚಿನ್ನದ ತಂತಿಯನ್ನು ಬಾಯಿಯೊಳಗೆ ನಾಜೂಕಾಗಿ ಹೆಣೆಯಬಲ್ಲ ಕೈಗಳಿದ್ದುವೆಂಬುದು ಇದರಿಂದ ತಿಳಿಯುತ್ತದೆ.

ಬಿಗಿಯಲು ಚಿನ್ನವಾಯಿತು, ಇಡಲು ಹಲ್ಲೆಲ್ಲಿಂದ ತರಬೇಕು? ಈ ಪ್ರಶ್ನೆ ಬಂದಾಗ ನಮ್ಮ ಕಥೆ ಕತ್ತಲೆಯ ಕಡೆಗೆ ತಿರುಗುತ್ತದೆ. ಆನೆಯ ದಂತ, ನೀರಾನೆಯ ಕೋರೆ, ದನದ ಮೂಳೆ ಎಲ್ಲವನ್ನೂ ಕೆತ್ತಿ ನೋಡಿದರು. ಬಾಯಿಯ ತೇವದಲ್ಲಿ ಅವು ಕೊಳೆತು ನಾರುತ್ತಿದ್ದುವು. ಕೊನೆಗೆ ಮನುಷ್ಯನ ಹಲ್ಲಿಗೆ ಮನುಷ್ಯನ ಹಲ್ಲೇ ಸರಿಯೆಂದರು. 18ನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯ ಮನುಷ್ಯನ ಹಲ್ಲೊಂದನ್ನು ಹುಂಜದ ಜುಟ್ಟಿನೊಳಗೆ ನೆಟ್ಟು, ಅದು ಅಲ್ಲಿ ಹಿಡಿದುಕೊಂಡುದನ್ನು ತೋರಿಸಿದ. ಅದಾದ ಮೇಲೆ ಬಡವರ ಬಾಯಿಂದ ಕಿತ್ತ ಹಲ್ಲನ್ನು ಬಿಸಿಯಾರುವ ಮುಂಚೆ ಸಿರಿವಂತರ ಬಾಯಿಗೆ ಹಾಕುವ ವ್ಯಾಪಾರ ಬೆಳೆಯಿತು. 1787ರಲ್ಲಿ ರೋಲೆಂಡ್ಸನ್ ಎಂಬ ಚಿತ್ರಕಾರ ಇದನ್ನು ಕಟುವಾಗಿ ಲೇವಡಿ ಮಾಡಿ ಒಂದು ಚಿತ್ರ ಬರೆದ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನ ಹಲ್ಲುಗಳು ಮರದವೆಂದು ಶಾಲೆಯ ಮಕ್ಕಳೂ ಹೇಳುವುದುಂಟು, ಅದು ಸುಳ್ಳು. ನೀರಾನೆಯ ಕೋರೆ, ಲೋಹ ಮತ್ತು ಮನುಷ್ಯರ ಹಲ್ಲುಗಳಿಂದ ಮಾಡಿದವು ಅವು. 1784ರ ಅವನ ಲೆಕ್ಕದ ಪುಸ್ತಕದಲ್ಲಿ ನೀಗ್ರೋಗಳಿಂದ ಪಡೆದ ಒಂಬತ್ತು ಹಲ್ಲುಗಳಿಗೆ ಹಣ ಕೊಟ್ಟ ದಾಖಲೆಯಿದೆ. ಮಾರಲು ತಮ್ಮ ಮೈಯೇ ತಮ್ಮದಲ್ಲದವರು ಹಲ್ಲನ್ನು ಮಾರಿದರು. 1815ರಲ್ಲಿ ವಾಟರ್ಲೂ ಕದನ ಮುಗಿದಾಗ ಸತ್ತ ಸೈನಿಕರ ಬಾಯಿಂದ ಹಲ್ಲು ಕೀಳುವವರು ಹಿಂಡುಹಿಂಡಾಗಿ ಬಂದರು. ಅಂಥ ಹಲ್ಲುಗಳಿಗೆ 'ವಾಟರ್ಲೂ ಹಲ್ಲು' ಎಂಬ ಹೆಸರೇ ನಿಂತಿತು. ವಿಕ್ಟರ್ ಹ್ಯೂಗೋನ ಕಾದಂಬರಿಯಲ್ಲಿ ಫ್ಯಾಂಟೀನ್ ಮಗಳಿಗಾಗಿ ತನ್ನ ಮುಂದಿನ ಎರಡು ಹಲ್ಲುಗಳನ್ನು ನಲವತ್ತು ಫ್ರಾಂಕಿಗೆ ಮಾರುವ ಪ್ರಸಂಗವನ್ನು ಓದಿದವರು ಮರೆಯಲಾರರು. ಅದು ಬರಿಯ ಕವಿಕಲ್ಪನೆಯಲ್ಲ. ಒಬ್ಬರ ನಗು ಇನ್ನೊಬ್ಬರ ಬಾಯಿಂದ ಕಿತ್ತು ತಂದದ್ದಾಗಿದ್ದ ಕಾಲ ನಿಜವಾಗಿಯೂ ಇತ್ತು.

ಈ ಪಾಪದಿಂದ ಬಿಡುಗಡೆ ಮಾಡಿದ್ದು ಧರ್ಮೋಪದೇಶವಲ್ಲ, ಕುಂಬಾರಿಕೆ. 1774ರ ಸುಮಾರಿಗೆ ಪ್ಯಾರಿಸ್ಸಿನ ಬಳಿಯ ಡ್ಯುಶಾತೋ ಎಂಬ ಔಷಧ ವ್ಯಾಪಾರಿ ತನ್ನ ದಂತದ ಹಲ್ಲುಗಳು ಔಷಧಗಳ ವಾಸನೆ ಹೀರಿ ನಾರುವುದನ್ನು ತಾಳಲಾರದೆ ಪಿಂಗಾಣಿಯಲ್ಲಿ ಹಲ್ಲು ಮಾಡಿಸಿಕೊಂಡ. 19ನೆಯ ಶತಮಾನದ ನಡುವೆ ಗುಡ್‌ಇಯರ್ ಮನೆತನದವರು ಕಂಡುಹಿಡಿದ ಗಟ್ಟಿ ರಬ್ಬರು ಬಂದಿತು. ಅದನ್ನು ಒಸಡಿನ ಅಚ್ಚಿಗೆ ಸರಿಯಾಗಿ ಕೂರುವಂತೆ ಮಾಡಬಹುದಾಗಿತ್ತು. ಅಗ್ಗದ ದಂತಪಂಕ್ತಿ ಸಾಮಾನ್ಯರಿಗೂ ಎಟುಕಿತು. ಆದರೆ ಹಕ್ಕುಪತ್ರ ಹಿಡಿದ ಕಂಪನಿ ಪ್ರತಿಯೊಬ್ಬ ದಂತವೈದ್ಯನಿಂದಲೂ ಶುಲ್ಕ ಕೇಳಿತು, ಕೊಡದವರನ್ನು ನ್ಯಾಯಾಲಯಕ್ಕೆ ಎಳೆಯಿತು. 1879ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ರೋಸಿಹೋದ ದಂತವೈದ್ಯನೊಬ್ಬ ಆ ಕಂಪನಿಯ ಖಜಾಂಚಿಯನ್ನು ಗುಂಡಿಟ್ಟು ಕೊಂದ. ಹಲ್ಲಿಗಾಗಿ ಹೀಗೂ ಒಂದು ಕೊಲೆ! 1930ರ ದಶಕದ ಕೊನೆಯಲ್ಲಿ ರಬ್ಬರಿನ ಜಾಗಕ್ಕೆ ಅಕ್ರಿಲಿಕ್ ಎಂಬ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಂದಿತು. ನಮ್ಮ ತಂದೆಯವರ ಹಲ್ಲಿನ ಸೆಟ್ಟು ಇದರದೇ.

ತಂದೆಯವರು ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಐವತ್ತು ತುಂಬುವ ಮೊದಲೇ ಹಲ್ಲುಗಳೆಲ್ಲ ಹೋದುವು. 1970ರ ದಶಕದಲ್ಲಿ ಮೈಸೂರಿಗೆ ಮೂರು ನಾಲ್ಕು ಸಲ ಬಸ್ಸಿನಲ್ಲಿ ಓಡಾಡಿ ಸೆಟ್ಟು ಮಾಡಿಸಿಕೊಂಡರು. ಆ ಸೆಟ್ಟು ಊಟಕ್ಕಲ್ಲ. ಊಟದ ಹೊತ್ತಿಗೆ ಅದನ್ನು ತೆಗೆದು ನೀರಿನ ಬಟ್ಟಲಲ್ಲಿಟ್ಟು ಮುದ್ದೆ ನುಂಗುತ್ತಿದ್ದರು. ಶಾಲೆಗೆ ಹೊರಡುವಾಗ ಮಾತ್ರ, ಕೋಟಿನ ಗುಂಡಿ ಹಾಕಿ, ಕನ್ನಡಿಯ ಮುಂದೆ ನಿಂತು ಹಲ್ಲನ್ನು ಧರಿಸುತ್ತಿದ್ದರು. 'ಧರಿಸುತ್ತಿದ್ದರು' ಎಂಬ ಮಾತನ್ನು ತಿಳಿದೇ ಹೇಳುತ್ತಿದ್ದೇನೆ. ದೊಡ್ಡವರು ಪೇಟ ಧರಿಸುತ್ತಿದ್ದ ಹಾಗೆ. ಮಕ್ಕಳಿಗೆ ಅಕ್ಷರ ಹೇಳಿಕೊಡುವವನ ಅಕ್ಷರ ತೊದಲಬಾರದೆಂಬುದು ಅವರ ಹಟ. ಅದು ಹಟವಲ್ಲ, ವೃತ್ತಿಯ ಮರ್ಯಾದೆ ಎಂದು ನನಗೆ ತಿಳಿದದ್ದು ನನ್ನ ಬಾಚಿಹಲ್ಲು ಮುರಿದ ಮೇಲೆ.

ಇನ್ನು ಬ್ರಿಜ್ಜಿನ ವಿಷಯ. ಸೇತುವೆಗೆ ಎರಡು ದಡಗಳು ಬೇಕು. ಬಿದ್ದ ಹಲ್ಲಿನ ಎಡಬಲಗಳ ಹಲ್ಲುಗಳೇ ಆ ದಡಗಳು. ಅವನ್ನು ಸುತ್ತಲೂ ಅರೆದು ಸಣ್ಣದಾಗಿಸಿ, ಅವುಗಳ ಮೇಲೆ ಟೊಪ್ಪಿಗೆಯಂತೆ ಲೋಹದ ಅಥವಾ ಪಿಂಗಾಣಿಯ ಕವಚ ಕೂರಿಸಿ, ಎರಡು ಕವಚಗಳ ನಡುವೆ ಒಂದು ಹುಸಿಹಲ್ಲನ್ನು ಬೆಸೆದಿರುತ್ತಾರೆ. ಕವಚ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರಬೇಕು. ಇಲ್ಲವಾದರೆ ಜೊಲ್ಲು ಒಳನುಸುಳಿ ಹುಳುಕು ಹತ್ತುತ್ತದೆ. ಆ ನಿಖರತೆ ಸಾಧ್ಯವಾದದ್ದು 1907ರಲ್ಲಿ. ವಿಲಿಯಂ ಟ್ಯಾಗರ್ಟ್ ಎಂಬ ಅಮೆರಿಕದ ದಂತವೈದ್ಯ ಒಂದು ಕ್ರಮವನ್ನು ಜನಕ್ಕೆ ತೋರಿಸಿದ: ಬೇಕಾದ ಆಕಾರವನ್ನು ಮೊದಲು ಮೇಣದಲ್ಲಿ ಮಾಡುವುದು, ಅದರ ಸುತ್ತ ಗಾರೆಯಂಥ ದ್ರವ್ಯವನ್ನು ಮೆತ್ತುವುದು, ಕಾಯಿಸಿ ಮೇಣವನ್ನು ಕಳೆಯುವುದು, ಖಾಲಿಯಾದ ಅಚ್ಚಿಗೆ ಕರಗಿದ ಚಿನ್ನವನ್ನು ನುಗ್ಗಿಸುವುದು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಚಿಟ್ಟು ಎದ್ದುನಿಂತೆ. ಏಕೆಂದರೆ ಈ ಕ್ರಮ ನನಗೆ ಪರಿಚಿತವಾದದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅದು ವಿವರವಾಗಿ ಇದೆ. 'ಅಭಿಲಷಿತಾರ್ಥಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಮೇಣಕ್ಕೆ ಸಂಸ್ಕೃತದಲ್ಲಿ ಮಧೂಚ್ಛಿಷ್ಟ, ಜೇನು ತೆಗೆದು ಮಿಕ್ಕಿದ್ದು, ಎಂದು ಹೆಸರು. ಮೇಣದ ವಿಗ್ರಹ ಮಾಡಿ, ಅದಕ್ಕೆ ನಾಳವಿಟ್ಟು, ನುಣ್ಣನೆಯ ಮಣ್ಣನ್ನು ಪದರಪದರವಾಗಿ ಬಳಿದು, ನೆರಳಲ್ಲಿ ಒಣಗಿಸಿ, ಕಾಯಿಸಿ ಮೇಣ ಇಳಿಸಿ, ಲೋಹ ಎರೆಯುವುದನ್ನು ರಾಜನೇ ವರ್ಣಿಸಿದ್ದಾನೆ. ಮೇಣದ ಇಷ್ಟು ತೂಕಕ್ಕೆ ಲೋಹದ ತೂಕ ಇಷ್ಟೆಂಬ ಲೆಕ್ಕವನ್ನೂ ಬಿಟ್ಟಿಲ್ಲ. ಅದೇ ಗ್ರಂಥದಲ್ಲಿ ತಾಂಬೂಲ ಭೋಗಕ್ಕೂ ಒಂದು ಪ್ರಕರಣವುಂಟು! ಟ್ಯಾಗರ್ಟ್ ನಮ್ಮ ಗ್ರಂಥವನ್ನು ನೋಡಿ ಕಲಿತನೆಂದು ನಾನು ಹೇಳುತ್ತಿಲ್ಲ. ಮೇಣದಚ್ಚಿನ ವಿದ್ಯೆ ಜಗತ್ತಿನ ಅನೇಕ ಕಡೆ ಬಹು ಹಿಂದಿನಿಂದಲೂ ಇತ್ತು. ಸಿಂಧೂ ಕಣಿವೆಯ ಕಂಚಿನ ನರ್ತಕಿಯೂ ಹೀಗೆಯೇ ಹುಟ್ಟಿದವಳು. ನಾನು ಹೇಳುವುದಿಷ್ಟೆ: ದೇವರ ಉತ್ಸವಮೂರ್ತಿಯನ್ನು ಎರೆದ ಕೈಗೂ ಮನುಷ್ಯನ ಹಲ್ಲಿನ ಕವಚವನ್ನು ಎರೆದ ಕೈಗೂ ವಿದ್ಯೆ ಒಂದೇ. ನಮ್ಮ ದೊರೆ ವಿಗ್ರಹವನ್ನು ನೆನೆದ, ಬಾಯಿಯನ್ನು ನೆನೆಯಲಿಲ್ಲ. ಕಲೆ ಕೈಯಲ್ಲಿದ್ದರೂ ಅದು ಯಾರ ನೋವಿನ ಕಡೆ ತಿರುಗಬೇಕೆಂಬುದು ಬೇರೆಯೇ ಪ್ರಶ್ನೆ.

ಬ್ರಿಜ್ಜಿಗೆ ಒಂದು ಕುಂದುಂಟು. ಅದನ್ನು ನಾನು ಅನುಭವಿಸಿಯೇ ಬಲ್ಲೆ. ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಕೆಲಸದಲ್ಲಿದ್ದಾಗ, ಕೆಳದವಡೆಗೆ ಒಂದು ಬ್ರಿಜ್ಜು ಹಾಕಿಸಿದ್ದೆ. ಹೋದದ್ದು ಒಂದು ಹಲ್ಲು. ಅದಕ್ಕಾಗಿ ಅರೆಸಿಕೊಂಡದ್ದು ಎರಡು ಆರೋಗ್ಯವಾದ ಹಲ್ಲುಗಳನ್ನು. ಹನ್ನೆರಡು ವರ್ಷ ಅದು ಚೆನ್ನಾಗಿಯೇ ಸೇವೆ ಮಾಡಿತು. ಆಮೇಲೆ ಒಂದು ಕವಚದ ಅಂಚು ಬಿಟ್ಟು, ಒಳಗಿನ ಹಲ್ಲು ಹುಳುಕಾಗಿ, ದಡವೇ ಕುಸಿಯಿತು. ಕವಚದ ಅಂಚಿನಲ್ಲಿ ದಿನವೂ ದಾರವೆಳೆದು ಚೊಕ್ಕಟಮಾಡಬೇಕೆಂದು ಹಾಕಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೇತುವೆಯನ್ನು ಕಟ್ಟಿದರೆ ಸಾಲದು, ಕಾಯಬೇಕು. ಇನ್ನೂ ಒಂದು ಸಂಗತಿ: ಹುಸಿಹಲ್ಲಿನ ಕೆಳಗಣ ಮೂಳೆ ಕಾಲಕ್ರಮದಲ್ಲಿ ಸವೆದು ತಗ್ಗಾಗುತ್ತದೆ. ಅಗಿಯುವ ಭಾರ ಬೇರಿನ ಮೂಲಕ ಮೂಳೆಗೆ ತಲುಪುತ್ತಿದ್ದರೆ ಮೂಳೆ ಗಟ್ಟಿಯಾಗಿರುತ್ತದೆ. ದುಡಿಮೆಯಿಲ್ಲದ ಮೂಳೆಯನ್ನು ದೇಹ ಕರಗಿಸಿಕೊಳ್ಳುತ್ತದೆ. ಬೊಚ್ಚುಬಾಯಿಯವರ ಗಲ್ಲ ಮೂಗಿನ ಕಡೆಗೆ ಮೇಲೆ ಬರುವುದು ಈ ಕಾರಣದಿಂದ.

ಹಾಗಾದರೆ ಬೇರನ್ನೇ ಕೊಡಬಾರದೇಕೆ? ಈ ಯೋಚನೆಯೂ ಹೊಸದಲ್ಲ. 1931ರಲ್ಲಿ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ, ಸಾವಿರ ವರ್ಷಕ್ಕೂ ಹಿಂದಿನ ಮಾಯಾ ನಾಗರಿಕತೆಯ ಕಾಲದ ಕೆಳದವಡೆಯೊಂದು ದೊರೆಯಿತು. ಮೂರು ಬಾಚಿಹಲ್ಲುಗಳ ಗುಳಿಯಲ್ಲಿ ಹಲ್ಲಿನ ಆಕಾರಕ್ಕೆ ಕೆತ್ತಿದ ಚಿಪ್ಪಿನ ತುಂಡುಗಳನ್ನು ನೆಟ್ಟಿದ್ದರು. ಸತ್ತ ಮೇಲೆ ಮಾಡಿದ ಅಲಂಕಾರವಿರಬೇಕೆಂದು ವಿದ್ವಾಂಸರು ತಳ್ಳಿಹಾಕಿದ್ದರು. 1970ರಲ್ಲಿ ಬ್ರೆಜಿಲಿನ ಅಮೆಡಿಯೊ ಬೊಬ್ಬಿಯೊ ಎಂಬ ತಜ್ಞ ಎಕ್ಸ್‌ರೇ ತೆಗೆದು ನೋಡಿದಾಗ ಎರಡು ಚಿಪ್ಪುಗಳ ಸುತ್ತ ಮೂಳೆ ಬೆಳೆದುದು ಕಂಡಿತು. ಬದುಕಿದ್ದವನ ಬಾಯಲ್ಲೇ ಅವು ಹಿಡಿದಿದ್ದುವು. ಆಧುನಿಕ ಕಾಲದಲ್ಲಿ ಚಿನ್ನ, ಪ್ಲಾಟಿನಂ, ಮಿಶ್ರಲೋಹ ಎಂದು ಹಲವರು ಹಲವು ಬಗೆಯ ಮೊಳೆಗಳನ್ನು ನೆಟ್ಟು ನೋಡಿದರು. ಹೆಚ್ಚಿನವು ಕೆಲವು ವರ್ಷಗಳಲ್ಲಿ ಅಲುಗಾಡಿ ಬಿದ್ದುವು. ದೇಹ ಪರಕೀಯನನ್ನು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ.

ಒಪ್ಪಿಕೊಳ್ಳುವ ಲೋಹ ಸಿಕ್ಕಿದ್ದು ಹಲ್ಲನ್ನು ಹುಡುಕುತ್ತಿರಲಿಲ್ಲದ ಒಬ್ಬನಿಗೆ. ಸ್ವೀಡನ್ನಿನ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೂಳೆಯೊಳಗೆ ರಕ್ತ ಹರಿಯುವ ಬಗೆಯನ್ನು ತಿಳಿಯಲು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಲೋಹದ ಸಣ್ಣ ಕೋಶವೊಂದನ್ನು ಕೂರಿಸಿ ಸೂಕ್ಷ್ಮದರ್ಶಕದಿಂದ ನೋಡುತ್ತಿದ್ದ. ಪ್ರಯೋಗ ಮುಗಿದ ಮೇಲೆ ಬೆಲೆಬಾಳುವ ಆ ಕೋಶವನ್ನು ತೆಗೆಯಲು ಹೋದರೆ ಅದು ಬರಲೊಲ್ಲದು. ಮೂಳೆ ಅದನ್ನು ತನ್ನದೆಂದು ಅಪ್ಪಿಕೊಂಡಿತ್ತು. ಬೇರೊಬ್ಬನಾಗಿದ್ದರೆ ಕೋಶ ಹಾಳಾಯಿತೆಂದು ಹಲುಬುತ್ತಿದ್ದ. ಇವನು, ಇದೇಕೆ ಹೀಗಾಯಿತೆಂದು ಕೇಳಿಕೊಂಡ. 1965ರಲ್ಲಿ ಯೋಸ್ಟಾ 'ಲಾರ್ಸನ್' ಎಂಬಾತನ ಕೆಳದವಡೆಯಲ್ಲಿ ಟೈಟಾನಿಯಮ್ಮಿನ ನಾಲ್ಕು ತಿರುಪುಮೊಳೆಗಳನ್ನು ನೆಟ್ಟು, ಅವು ಮೂಳೆಯೊಡನೆ ಕೂಡಿಕೊಂಡ ಮೇಲೆ ಹಲ್ಲು ಕೂರಿಸಿದರು. ಹುಟ್ಟಿನಿಂದಲೇ ದವಡೆಯ ವೈಕಲ್ಯದಿಂದ ಬಳಲಿದ್ದ ಆತ 2006ರಲ್ಲಿ ತೀರಿಕೊಳ್ಳುವವರೆಗೆ, ನಲವತ್ತು ವರ್ಷ, ಆ ಹಲ್ಲುಗಳಿಂದಲೇ ಉಂಡ. ಆದರೂ ವೈದ್ಯಲೋಕ ಬಹಳ ವರ್ಷ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೋದಲ್ಲಿ ನಡೆದ ಸಮ್ಮೇಳನದಲ್ಲಿ ಬ್ರೋನೆಮಾರ್ಕ್ ತನ್ನ ಸಾಕ್ಷ್ಯವನ್ನು ಮುಂದಿಟ್ಟ ಮೇಲೆ ಜಗತ್ತು ಒಪ್ಪಿತು.

ರೈತ ಪೈರನ್ನು ನಾಟಿ ಮಾಡಿದಾಗ ಬೇರು ಮಣ್ಣಿನೊಳಕ್ಕೆ ಇಳಿಯುತ್ತದೆ. ಇಲ್ಲಿ ನಡೆಯುವುದು ಅದರ ತಿರುವುಮುರುವು: ಬೇರು ಜಡ, ಮಣ್ಣೇ ಬಂದು ಬೇರನ್ನು ಹಿಡಿಯುತ್ತದೆ. ಅದಕ್ಕೆ ಸಹನೆ ಬೇಕು. ಮೂಳೆಯನ್ನು ಕೊರೆಯುವಾಗ ತಣ್ಣೀರು ಹರಿಸುತ್ತಲೇ ಇರಬೇಕು. 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೂ ಮೂಳೆಗೆ ಹಾನಿ. ಬ್ರೋನೆಮಾರ್ಕನ ಹಳೆಯ ನಿಯಮದಂತೆ ಕೆಳದವಡೆಗೆ ಮೂರು ನಾಲ್ಕು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಕಾಯಬೇಕಿತ್ತು. ಈಗ ಕೆಲವರಿಗೆ ಬೇಗ ಮುಗಿಸುವುದೂ ಉಂಟು. ಹೊಗೆಸೊಪ್ಪಿನ ಚಟವಿರುವವರಿಗೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಿರುವವರಿಗೆ ನೆಟ್ಟದ್ದು ಹಿಡಿಯದಿರುವ ಸಂಭವ ಹೆಚ್ಚು. ನೆಟ್ಟ ಹಲ್ಲಿಗೆ ಹುಳುಕು ಹತ್ತದಿದ್ದರೂ ಅದರ ಸುತ್ತಣ ಒಸಡು, ಮೂಳೆ ರೋಗಕ್ಕೆ ತುತ್ತಾಗಬಹುದು.

ನಾನು ನೆಡಿಸಿಕೊಳ್ಳುವುದನ್ನೇ ಆರಿಸಿಕೊಂಡೆ. ಒಮ್ಮೆ ಎರಡು ಒಳ್ಳೆಯ ಹಲ್ಲುಗಳನ್ನು ಬಲಿಕೊಟ್ಟವನು ಮತ್ತೆರಡನ್ನು ಕೊಡಲು ಸಿದ್ಧನಿರಲಿಲ್ಲ. ಕೆಲಸ ಮುಗಿದು ಎರಡು ವರ್ಷಗಳಾದುವು. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು. ಹುಟ್ಟುಹಲ್ಲು ಮೂಳೆಗೆ ನೇರವಾಗಿ ಅಂಟಿರುವುದಿಲ್ಲ. ಸೂಕ್ಷ್ಮವಾದ ನಾರುಗಳಲ್ಲಿ ತೊಟ್ಟಿಲಿನಂತೆ ತೂಗಿರುತ್ತದೆ. ಅನ್ನದಲ್ಲಿನ ಒಂದು ಮರಳಕಣವನ್ನೂ ಥಟ್ಟನೆ ಅರಿಯುವುದು ಆ ನಾರುಗಳಿಂದ. ನೆಟ್ಟ ಹಲ್ಲಿಗೆ ಆ ತೊಟ್ಟಿಲಿಲ್ಲ. ಅದು ಕಡಿಯುತ್ತದೆ, ನುಡಿಸುತ್ತದೆ. ಆದರೆ ಅದಕ್ಕೆ ಬಹುಮಟ್ಟಿಗೆ ಕಿವುಡು. ನೆರೆಹಲ್ಲುಗಳು ಕೇಳಿ ಹೇಳಿದ್ದನ್ನು ಅದು ನಡೆಸುತ್ತದೆ.

ಈ ವಿದ್ಯೆ ನಮ್ಮ ನಾಡಿನಲ್ಲಿ ನೆಲೆಯೂರಿದ್ದು ಹತ್ತಿರದ ಮಾತು. 1920ರಲ್ಲಿ ಡಾ. ರಫೀಉದ್ದೀನ್ ಅಹಮದ್ ಕಲ್ಕತ್ತೆಯಲ್ಲಿ ದಂತವೈದ್ಯ ಕಾಲೇಜನ್ನು ಆರಂಭಿಸಿದರು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರದು, ಮಣಿಪಾಲದ್ದು 1965ರದು, ಮೈಸೂರಿನ ಜೆ.ಎಸ್.ಎಸ್. ದಂತವೈದ್ಯ ಕಾಲೇಜು 1986ರಲ್ಲಿ ಬಂದಿತು. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದಾಗ ಈ ಊರಿನಲ್ಲಿ ಅಂಥ ಕಾಲೇಜೇ ಇರಲಿಲ್ಲವೆಂದರೆ ಇಂದಿನ ಹುಡುಗರಿಗೆ ಆಶ್ಚರ್ಯವಾದೀತು. ವಿದ್ಯೆ ಬಂದಿತು, ಆದರೆ ಯಾರಿಗೆ ಬಂದಿತು? ಪಿಂಚಣಿದಾರನಾದ ನಾನು ಒಂದು ಹಲ್ಲು ನೆಡಿಸಿಕೊಳ್ಳಲು ಲೆಕ್ಕ ಹಾಕಬೇಕಾಯಿತು. ಕೂಲಿಯವನು ಲೆಕ್ಕವನ್ನೇ ಹಾಕಲಾರ. 2014-15ರ ಹೊತ್ತಿಗೆ ಕರ್ನಾಟಕ ಸರ್ಕಾರ 'ದಂತಭಾಗ್ಯ' ಎಂಬ ಯೋಜನೆಯಿಂದ ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲು ತೊಡಗಿತು. ಕೆಲವರು ಹೆಸರು ಕೇಳಿ ನಕ್ಕರು. ತಂದೆಯವರ ನೀರಿನ ಬಟ್ಟಲನ್ನು ಕಂಡಿದ್ದ ನನಗೆ ನಗು ಬರಲಿಲ್ಲ. ಇಂದು ಯಾರೂ ಬಡವನ ಹಲ್ಲನ್ನು ಕಿತ್ತು ಸಿರಿವಂತನಿಗೆ ಕೊಡುವುದಿಲ್ಲ, ನಿಜ. ಆದರೆ ಒಬ್ಬನಿಗೆ ನೆಟ್ಟ ಹಲ್ಲು, ಒಬ್ಬನಿಗೆ ಕುಟ್ಟಾಣಿ ಎಂಬ ಅಂತರ ಉಳಿದಿರುವವರೆಗೆ ಆ ಹಳೆಯ ಕಥೆ ಮುಗಿಯಿತೆನ್ನುವುದು ಹೇಗೆ?

ಕೊನೆಯದಾಗಿ ರೋಮಿನ ಶಾಸನಕ್ಕೆ ಬರುತ್ತೇನೆ. ತಂದೆಯವರು ತೀರಿಕೊಂಡದ್ದು ಒಂದು ಬೆಳಗಿನ ಜಾವ. ಸೆಟ್ಟು ಎಂದಿನಂತೆ ಬಟ್ಟಲಲ್ಲಿತ್ತು. ಮೀಯಿಸಿ ಹೊರಗೆ ಮಲಗಿಸಿದ ಮೇಲೆ ಅಮ್ಮ ಒಳಗೆ ಹೋಗಿ ಬಟ್ಟಲನ್ನು ತಂದರು. ಊರಿನ ಹಿರಿಯರೊಬ್ಬರು, "ಅದು ಮೈಗೆ ಸೇರಿದ್ದಲ್ಲ ಕಣಮ್ಮ, ಬೇಡ" ಎಂದರು. ಅಮ್ಮ, "ಹಲ್ಲಿಲ್ಲದೆ ಅವರು ಯಾರ ಮುಂದೆಯೂ ಹೋದವರಲ್ಲ" ಎಂದಷ್ಟೇ ಹೇಳಿ, ತಾವೇ ಅದನ್ನು ಅವರ ಬಾಯಲ್ಲಿಟ್ಟರು. ಆ ಹೊತ್ತಿನಲ್ಲಿ ಅದು ನನಗೆ ಅರ್ಥವಾಗಿರಲಿಲ್ಲ. ಸತ್ತವನ ಮೈಮೇಲಿನ ಚಿನ್ನವನ್ನೆಲ್ಲ ತೆಗೆಸಿ, ಹಲ್ಲಿನ ಚಿನ್ನವನ್ನು ಮಾತ್ರ ಬಿಟ್ಟ ಆ ಶಾಸನಕಾರರ ವಿಷಯ ಓದಿದಾಗ ಅರ್ಥವಾಯಿತು. ಒಡವೆ ಹೊರಗಿನದು. ಹಲ್ಲು, ಅದು ಎಲ್ಲಿಂದಲೇ ಬಂದಿರಲಿ, ಒಬ್ಬನ ಊಟ ಮತ್ತು ಮಾತುಗಳಲ್ಲಿ ಬೆರೆತ ಮೇಲೆ ಅವನದೇ. ಎರಡೂವರೆ ಸಾವಿರ ವರ್ಷದ ಹಿಂದಿನ ರೋಮನ್ನರು ಬರೆದಿಟ್ಟುದನ್ನು ಅಕ್ಷರ ಬಾರದ ನಮ್ಮ ಅಮ್ಮ ನಡೆಸಿ ತೋರಿಸಿದ್ದರು.

ನಮ್ಮ ನೆರೆಯ ಒಂಟಿಕೊಪ್ಪಲಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಬಾನುಲಿಯಲ್ಲಿ ಮುಖ ಕಾಣದು, ಇರುವುದೆಲ್ಲ ದನಿ. ಈ ಭಾಷಣವನ್ನು ಓದಲು ಒಪ್ಪಿಕೊಳ್ಳುವ ಮುಂಚೆ ನಾನು ಮನೆಯಲ್ಲಿ ಬಾಗಿಲು ಹಾಕಿಕೊಂಡು 'ಸ'ಕಾರವಿರುವ ಸಾಲುಗಳನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಸಿಳ್ಳು ಬರಲಿಲ್ಲ. ನಿಮಗೆ ಕೇಳಿಸಿದ್ದರೆ, ದಯಮಾಡಿ ಅದನ್ನು ಹಲ್ಲಿನ ತಪ್ಪೆಂದು ತಿಳಿಯಬೇಡಿ, ಓದಿದವನದು.

(ಬಾನುಲಿ ಭಾಷಣ)